ಫ್ಲ್ಯಾಟ್‌ನಲ್ಲಿ ಸಬ್‌ವೂಫರ್, ಕೆಳಗಿನ ಮನೆಯಲ್ಲಿ ನಿದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ತಿಲಕವಾಡಿಯಲ್ಲಿ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಹಾಲ್ 14 ಅಡಿ ಉದ್ದ, 12 ಅಡಿ ಅಗಲ. ಎರಡು ಚಿಕ್ಕ ಸ್ಪೀಕರ್, ಒಂದು ಹಳೆಯ ಸ್ಟೀರಿಯೋ ಆಂಪ್ಲಿಫೈಯರ್ ಇದ್ದವು. ಅದಕ್ಕೆ 8 ಇಂಚಿನ ಒಂದು ಸಬ್‌ವೂಫರ್, ಅಂದರೆ ತೀರಾ ಕೆಳಗಿನ ಸ್ವರಗಳನ್ನು ಮಾತ್ರ ನುಡಿಸುವ ಸ್ಪೀಕರ್ ಡಬ್ಬಿ, ತಂದು ಸೇರಿಸಿದೆ. ಒಂದು ವಾರ ಆಗಿರಲಿಲ್ಲ, ಕೆಳಗಿನ ಮನೆಯ ಕಾಕು (ಚಿಕ್ಕಮ್ಮ ಅನ್ನಿ) ಮೇಲೆ ಬಂದರು. ಜಗಳಕ್ಕಲ್ಲ. "ನಿಮ್ಮನಿಯೊಳಗೂ ಫ್ಯಾನ್ ಗುಂಯ್ ಅಂತದೇನು? ಕಳಚಿ ಬೀಳ್ತದೋ ಏನೋ ಅಂತ ಹೆದರಿಕಿ ಆಗೇದ" ಅಂದರು. ಅದು ಫ್ಯಾನ್ ಅಲ್ಲ, ನನ್ನ ಡಬ್ಬಿ ಅಂತ ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಆಮೇಲೆ ಮೂರು ತಿಂಗಳು ಅದೇ ಕೆಲಸ. ಈಗ ಸಬ್ ದಿನಾ ಓಡುತ್ತದೆ, ಕಾಕು ಅದನ್ನು ಮರೆತೇ ಬಿಟ್ಟಿದ್ದಾರೆ. ಗೆಳೆಯರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಇರುವ ಸ್ಪೀಕರ್ ಸಾಲದಾ? ಫ್ಲ್ಯಾಟ್‌ನಲ್ಲಿ ಸಬ್ ಯಾಕೆ ಬೇಕು?

ಜೋರಾಗಿ ಕೇಳುವವರಿಗಿಂತ ಮೆಲ್ಲಗೆ ಕೇಳುವವರಿಗೇ ಸಬ್ ಜಾಸ್ತಿ ಬೇಕು. ಇದು ತಿರುಗುಮುರುಗು ಮಾತು ಅನಿಸಬಹುದು, ಆದರೆ ನಮ್ಮ ಕಿವಿ ಇರುವುದೇ ಹಾಗೆ. ವಾಲ್ಯೂಮ್ ಇಳಿಸಿದಾಗ ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ಇಳಿದಂತೆ ಕೇಳಿಸುವುದಿಲ್ಲ. ಕೆಳಗಿನ ಸ್ವರಗಳು ಮೊದಲು ಮಾಯವಾಗುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹಳೆಯ ಆಂಪ್ಲಿಫೈಯರ್‌ಗಳಲ್ಲಿ 'ಲೌಡ್‌ನೆಸ್' ಅಂತ ಒಂದು ಗುಂಡಿ ಇರುತ್ತಿತ್ತಲ್ಲ, ಅದು ಇದೇ ಕಾರಣಕ್ಕೆ.

ಐದು ಇಂಚಿನ ವೂಫರ್ ಇರುವ ಚಿಕ್ಕ ಸ್ಪೀಕರ್ 60 ಹರ್ಟ್ಜ್ ಹತ್ತಿರ ಬರುವಷ್ಟರಲ್ಲಿ ಸುಸ್ತಾಗುತ್ತದೆ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅಂಕಿ ಇಳಿದಷ್ಟೂ ಸ್ವರ ಕೆಳಗೆ). ತಬಲಾ ಜೋಡಿಯಲ್ಲಿ ಎಡಗೈಯ ದಗ್ಗಾದ ತುಂಬು ಸದ್ದು ಬೇಕು ಅಂತ ನಾವು ವಾಲ್ಯೂಮ್ ಏರಿಸುತ್ತೇವೆ. ಆಗ ಗಾಯಕರ ದನಿಯೂ ಏರುತ್ತದೆ, ಪಕ್ಕದ ಮನೆಗೂ ಹೋಗುತ್ತದೆ. ಸಬ್ ಇದ್ದರೆ ಏರಿಸಬೇಕು ಅನಿಸುವುದೇ ಇಲ್ಲ. ನಮ್ಮ ಮನೆಯಲ್ಲಿ ಸಬ್ ಬಂದ ಮೇಲೆ ಮುಖ್ಯ ವಾಲ್ಯೂಮ್ ಮೊದಲಿಗಿಂತ ಕೆಳಗೇ ನಿಂತಿದೆ.

ಮನೆ ನಡುಗಬೇಕು ಅನ್ನುವುದು ನಿಮ್ಮ ಆಸೆಯಾಗಿದ್ದರೆ ಮಾತ್ರ ಇಲ್ಲಿ ನಿಮಗೆ ಏನೂ ಸಿಗಲಿಕ್ಕಿಲ್ಲ. ಸ್ವಂತ ಮನೆ ಕಟ್ಟಿಸಿ, ಹೊಲದ ನಡುವೆ.

ಪಕ್ಕದವರಿಗೆ ಹಾಡು ಕೇಳುವುದಿಲ್ಲ, 'ಧಂ ಧಂ' ಮಾತ್ರ ಕೇಳುತ್ತದಂತೆ. ಹಾಗೇಕೆ?

ವಡಗಾವಿ, ಖಾಸಬಾಗ ಕಡೆ ಓಡಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪವರ್‌ಲೂಮ್ ಮಗ್ಗ ಇರುವ ಮನೆಯ ಪಕ್ಕ ನಿಂತರೆ ಖಟಖಟ ಸದ್ದು ಕಿಟಕಿಯಿಂದ ಬರುತ್ತದೆ. ಕಿಟಕಿ ಮುಚ್ಚಿದರೆ ಅದು ತಗ್ಗುತ್ತದೆ. ಆದರೆ ಕಟ್ಟೆಯ ಮೇಲೆ ಕೂತರೆ ಇನ್ನೊಂದು ಸದ್ದು ಇರುತ್ತದೆ, ಕಿವಿಗಿಂತ ಮೊದಲು ತೊಡೆಗೆ ತಿಳಿಯುವಂಥದ್ದು. ಅದು ನೆಲದಿಂದ ಬರುವುದು. ಕಿಟಕಿ ಮುಚ್ಚಿದರೆ ಅದು ನಿಲ್ಲುವುದಿಲ್ಲ.

ಸಬ್‌ವೂಫರ್‌ಗೂ ಇವೇ ಎರಡು ದಾರಿ. ಮೊದಲನೆಯದು ಗಾಳಿ. ಸದ್ದು ಗೋಡೆಗೆ ಬಡಿಯುತ್ತದೆ, ಗೋಡೆ ಅಲುಗುತ್ತದೆ, ಆಚೆ ಬದಿಯ ಗಾಳಿ ಅಲುಗುತ್ತದೆ. ಗೋಡೆಯ ತೂಕ ಎರಡು ಪಟ್ಟಾದರೆ ತಡೆ ಸುಮಾರು 6 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಹೆಚ್ಚುತ್ತದೆ. ಸ್ವರ ಒಂದು ಸಪ್ತಕ ಕೆಳಗಿಳಿದರೆ, ಅಂದರೆ ಹರ್ಟ್ಜ್ ಅರ್ಧವಾದರೆ, ಅಷ್ಟೇ ಕಡಿಮೆಯಾಗುತ್ತದೆ. ಈ ಲೆಕ್ಕದಲ್ಲಿ 1000 ಹರ್ಟ್ಜ್‌ನ ಹಾಡುಗಾರಿಕೆಗೆ ಗೋಡೆ ಎಷ್ಟು ತಡೆ ಒಡ್ಡುತ್ತದೋ, 50 ಹರ್ಟ್ಜ್‌ಗೆ ಅದಕ್ಕಿಂತ ಸುಮಾರು 26 ಡೆಸಿಬೆಲ್ ಕಡಿಮೆ. ಹಾಡನ್ನೆಲ್ಲ ಗೋಡೆ ಸೋಸಿ ಇಟ್ಟುಕೊಂಡು 'ಧಂ' ಒಂದನ್ನೇ ಆಚೆ ಬಿಡುತ್ತದೆ. ನಾಲ್ಕೂವರೆ ಇಂಚಿನ ಒಳಗೋಡೆಯಾದರೆ ಇನ್ನೂ ಸುಲಭ.

ಎರಡನೆಯದು ನೆಲ. ಸಬ್‌ನ ಕೋನ್ (ಸದ್ದು ಹೊರಡಿಸಲು ಅಲುಗುವ ಮುಂಭಾಗ) ಮುಂದೆ ಹೋದಾಗ ಡಬ್ಬಿ ಹಿಂದಕ್ಕೆ ಒದೆಯುತ್ತದೆ. ಆ ಒದೆತ ಕಾಲಿನ ಮೂಲಕ ಸ್ಲ್ಯಾಬಿಗೆ ಇಳಿಯುತ್ತದೆ. ನಮ್ಮ ನೆಲ ಕೆಳಗಿನವರ ಛತ್ತು, ಅಷ್ಟೇ.

ಕಾಕು ಮನೆಯಲ್ಲಿ ನಿಜವಾಗಿ ಗುಂಯ್‌ಗುಡುತ್ತಿದ್ದದ್ದು ಯಾವುದು ಗೊತ್ತಾ? ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಹಾಕಿದ್ದ ಸ್ಟೀಲ್ ತಾಟಿನ ಸ್ಟ್ಯಾಂಡ್. ಅದರಲ್ಲಿ ಎರಡು ತಾಟು ಒಂದಕ್ಕೊಂದು ತಾಗಿಕೊಂಡಿದ್ದವು. ನನ್ನ ಸಬ್ 47 ಹರ್ಟ್ಜ್ ಆಸುಪಾಸು ಬಂದಾಗ ಮಾತ್ರ ಅವು 'ಝರ್ರ್' ಅನ್ನುತ್ತಿದ್ದವು. ಆ ಝರ್ರ್ ತುಂಬಾ ಮೇಲಿನ ಸ್ವರದ್ದು, ಅದಕ್ಕೇ ಕಿವಿಗೆ ಅಷ್ಟು ಚುಚ್ಚುತ್ತಿತ್ತು. ನಡುವೆ ಒಂದು ಬಟ್ಟೆ ತುರುಕಿದ ಕೂಡಲೇ ಅರ್ಧ ತಕರಾರು ಮುಗಿಯಿತು.

ಫೋನಿನ ಆ್ಯಪ್‌ನಲ್ಲಿ ಬರೀ 42 ಡೆಸಿಬೆಲ್ ತೋರಿಸುತ್ತದೆ. ಆದರೂ ಯಾಕೆ ತಕರಾರು?

ಆ ಅಂಕಿಯನ್ನು ಹಿಡಿದು ವಾದಕ್ಕೆ ಹೋಗಬೇಡಿ, ಸೋಲುತ್ತೀರಿ. ಆ್ಯಪ್ ಸಾಮಾನ್ಯವಾಗಿ ಡಿಬಿ-ಎ ಅಳತೆ ತೋರಿಸುತ್ತದೆ. ಅದರಲ್ಲಿ 50 ಹರ್ಟ್ಜ್‌ನ ಸದ್ದಿನಿಂದ 30 ಡೆಸಿಬೆಲ್ ಕಳೆದೇ ಲೆಕ್ಕ ಹಾಕುತ್ತಾರೆ. ಅಂದರೆ ನಿಜವಾದ 70 ಅಲ್ಲಿ 40 ಅಂತ ಕಾಣುತ್ತದೆ. ಸಾಲದ್ದಕ್ಕೆ ಫೋನಿನ ಮೈಕ್ ಮಾಡಿರುವುದು ಮಾತಿಗಾಗಿ. ಕೆಳಗಿನ ಸ್ವರ ಅದಕ್ಕೆ ಸರಿಯಾಗಿ ಕೇಳಿಸುವುದೂ ಇಲ್ಲ.

ಕೆಳಗಿನ ಸ್ವರಗಳನ್ನು ಅಷ್ಟಾಗಿ ಕಳೆಯದ ಡಿಬಿ-ಸಿ ಆಯ್ಕೆ ಇದ್ದರೆ ಅದನ್ನು ಹಾಕಿ. ಅದಕ್ಕಿಂತ ಒಳ್ಳೆಯ ಮೀಟರ್ ಕೆಳಗಿನ ಮನೆಯ ಸೋಫಾ. ಆ ಮಾತು ಮುಂದೆ ಬರುತ್ತದೆ.

ಎಷ್ಟು ಇಂಚು, ಎಷ್ಟು ವ್ಯಾಟ್ ತಗೊಳ್ಳಲಿ?

12x14ರ ಹಾಲಿಗೆ 8 ಇಂಚು ಸಾಕು, 10 ಇಂಚು ಧಾರಾಳ. ಅಂಗಡಿಯಲ್ಲಿ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರುವ ಡಬ್ಬಿ ಕಂಡರೆ ಸುಮ್ನೆ ಮುಂದೆ ನಡೆಯಿರಿ. ಆರ್‌ಎಂಎಸ್, ಅಂದರೆ ಒಂದೇ ಸಮ ಕೊಡಬಲ್ಲ ಶಕ್ತಿಯ ಅಂಕಿ ಮಾತ್ರ ನೋಡಿ. ನೂರು ವ್ಯಾಟ್ ಆರ್‌ಎಂಎಸ್ ನಮ್ಮ ಕೆಲಸಕ್ಕೆ ಮಿಗುತ್ತದೆ.

ವ್ಯಾಟ್‌ಗಿಂತ ಮುಖ್ಯವಾದದ್ದು ಡಬ್ಬಿಯ ಬಗೆ. ತೂತಿರುವುದು ಪೋರ್ಟೆಡ್, ಪೂರಾ ಮುಚ್ಚಿದ್ದು ಸೀಲ್ಡ್. ಪೋರ್ಟೆಡ್ ಡಬ್ಬಿ ಒಂದು ಮಟ್ಟದವರೆಗೆ ಪೂರಾ ಜೋರಿನಲ್ಲಿ ಹೊಡೆದು ಆಮೇಲೆ ದಡಕ್ಕನೆ ಬೀಳುತ್ತದೆ, ಸಪ್ತಕಕ್ಕೆ 24 ಡೆಸಿಬೆಲ್‌ನಂತೆ. ಸೀಲ್ಡ್ ಮೆಲ್ಲಗೆ ಇಳಿಯುತ್ತದೆ, ಸಪ್ತಕಕ್ಕೆ 12. ಮುಚ್ಚಿದ ಚಿಕ್ಕ ಕೋಣೆ ತಾನಾಗಿಯೇ ಕೆಳಗಿನ ಸ್ವರಗಳಿಗೆ ಒತ್ತು ಕೊಡುತ್ತದೆ. ಸೀಲ್ಡ್‌ನ ಇಳಿತಕ್ಕೆ ಅದು ಹೊಂದಿಕೊಳ್ಳುತ್ತದೆ, ಪೋರ್ಟೆಡ್‌ಗೆ ಅತಿಯಾಗುತ್ತದೆ. ಫ್ಲ್ಯಾಟ್‌ನವರು ಸೀಲ್ಡ್ ತಗೊಳ್ಳಿ ಅನ್ನುವುದು ನನ್ನ ಖಡಕ್ ಅಭಿಪ್ರಾಯ. ಈಗಾಗಲೇ ಪೋರ್ಟೆಡ್ ಇದ್ದರೆ ತೂತಿಗೆ ಸ್ಪಾಂಜ್ ತುರುಕಿ ನೋಡಿ. ನೂರಕ್ಕೆ ನೂರು ಸೀಲ್ಡ್ ಆಗುವುದಿಲ್ಲ, ಆದರೆ ಗುಮ್ಮುವುದು ತಗ್ಗುತ್ತದೆ. ತೀರಾ ಜೋರಾಗಿ ಮಾತ್ರ ಹಾಗೆ ಓಡಿಸಬೇಡಿ.

ಎರಡು ಡ್ರೈವರ್ (ಕೋನ್ ಇರುವ ಸ್ಪೀಕರ್ ಭಾಗ) ಬೆನ್ನಿಗೆ ಬೆನ್ನು ಕೊಟ್ಟು ಕೂತ ಸಬ್‌ಗಳೂ ಬರುತ್ತವೆ. ಎರಡೂ ಒಟ್ಟಿಗೆ ಹೊರಗೆ ತಳ್ಳುವುದರಿಂದ ಒದೆತಕ್ಕೆ ಒದೆತ ವಜಾ. ಮೇಲೆ ನೀರಿನ ಲೋಟ ಇಟ್ಟರೂ ಅಲುಗುವುದಿಲ್ಲ. ಬೆಲೆ ಮಾತ್ರ ನಮ್ಮನ್ನು ಅಲುಗಿಸುತ್ತದೆ.

ನನ್ನ ಆಂಪ್ಲಿಫೈಯರ್ ಹಳೆಯದು. ಅದರಲ್ಲಿ ಸಬ್‌ಗೆ ವೈರ್ ಎಳೆಯುವ 'ಸಬ್ ಔಟ್' ಇಲ್ಲವಲ್ಲ?

ಚಿಂತೆ ಬೇಡ. ಹೆಚ್ಚಿನ ಸಬ್‌ಗಳ ಹಿಂದೆ 'ಹೈ ಲೆವೆಲ್' ಅಥವಾ 'ಸ್ಪೀಕರ್ ಲೆವೆಲ್' ಅಂತ ಒಂದು ಜಾಗ ಇರುತ್ತದೆ. ಆಂಪ್ಲಿಫೈಯರ್‌ನಲ್ಲಿ ಸ್ಪೀಕರ್ ವೈರ್ ಇರುವ ಅದೇ ಟರ್ಮಿನಲ್‌ಗೆ ಇನ್ನೊಂದು ಜೋಡಿ ತೆಳುವಾದ ವೈರ್ ಸಿಕ್ಕಿಸಿ ಸಬ್‌ಗೆ ಎಳೆಯಿರಿ. ಸ್ಪೀಕರ್ ಅಲ್ಲೇ ಇರಲಿ. ಸಬ್ ಆ ವೈರಿನಿಂದ ಶಕ್ತಿ ಎಳೆಯುವುದಿಲ್ಲ, ಸಂಕೇತ ಮಾತ್ರ ಓದುತ್ತದೆ. ಹಾಗಾಗಿ ಆಂಪ್ಲಿಫೈಯರ್‌ಗೆ ಭಾರವಿಲ್ಲ.

ಒಂದು ಎಚ್ಚರಿಕೆ. ಈಗಿನ ಚಿಕ್ಕ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ಟರ್ಮಿನಲ್ ಅಂದರೆ ಗ್ರೌಂಡ್ ಅಂತ ನಂಬುವ ಹಾಗಿಲ್ಲ. ಎಡಬಲದ ಎರಡೂ ಕಪ್ಪುಗಳನ್ನು ಒಂದಕ್ಕೊಂದು ಕೂಡಿಸಿದರೆ ಆಂಪ್ ಸುಟ್ಟೀತು. ಮ್ಯಾನ್ಯುಯಲ್ ನೋಡಿಯೇ ಕೈ ಹಾಕಿ.

ಸಬ್ ಎಲ್ಲಿ ಇಡಬೇಕು? ಅಂಗಡಿಯವರು ಮೂಲೆ ಅಂದರು.

ಮೂಲೆಯಲ್ಲಿ ಇಟ್ಟರೆ ಸದ್ದು ಜಾಸ್ತಿ ಬರುತ್ತದೆ, ನಿಜ. ಅಂಗಡಿಯವರು ಕೆಳಗಿನ ಮನೆಯಲ್ಲಿ ಇರುವುದಿಲ್ಲ, ಅದೂ ನಿಜ.

ಪ್ರತಿ ಕೋಣೆಗೂ ತನ್ನದೇ ಸ್ವರಗಳಿರುತ್ತವೆ. ಎದುರುಬದುರು ಗೋಡೆಗಳ ನಡುವೆ ಅಲೆ ಹೊಯ್ದಾಡಿ ಒಂದೊಂದು ಕಡೆ ಗುಡ್ಡೆ ಬೀಳುತ್ತದೆ, ಒಂದೊಂದು ಕಡೆ ಖಾಲಿಯಾಗುತ್ತದೆ. ಲೆಕ್ಕ ಸುಲಭ. 565ನ್ನು ಗೋಡೆಯಿಂದ ಗೋಡೆಗಿರುವ ಅಡಿಗಳಿಂದ ಭಾಗಿಸಿ. ನಮ್ಮ ಹಾಲ್ 14 ಅಡಿ, ಅಂದರೆ 40 ಹರ್ಟ್ಜ್. ಅಗಲ 12 ಅಡಿ, 47 ಹರ್ಟ್ಜ್. ಎತ್ತರ 10 ಅಡಿ, 56 ಹರ್ಟ್ಜ್. ತಾಟು ಅಲುಗಿದ್ದು 47ಕ್ಕೇ ಯಾಕೆ ಅಂತ ಈಗ ತಿಳಿಯಿತಲ್ಲ? ಮೂಲೆಯಲ್ಲಿಟ್ಟರೆ ಈ ಎಲ್ಲ ಸ್ವರಗಳೂ ಒಟ್ಟಿಗೆ ಎದ್ದು ಕುಣಿಯುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಮಹಡಿ ಮಹಡಿಗೂ ಒಂದೇ ನಕ್ಷೆ. ನಮ್ಮ ಹಾಲಿನ ಕೆಳಗೆ ಅದೇ ಅಳತೆಯ ಹಾಲ್ ಇರುತ್ತದೆ, ಅದರ ಸ್ವರಗಳೂ ಅವೇ.

ಜಾಗ ಹುಡುಕಲು ಒಂದು ಹಳೆಯ ಉಪಾಯ ಇದೆ, ನೋಡಿದವರು ನಗುತ್ತಾರೆ. ನೀವು ಕೂರುವ ಕುರ್ಚಿಯ ಮೇಲೆ ಸಬ್ ಇಡಿ. ಕೆಳಗಿನ ಸ್ವರ ಒಂದೇ ಸಮ ನಡೆಯುವ ಹಾಡು ಹಾಕಿ. ಆಮೇಲೆ ಮಂಡಿಯೂರಿ, ಕಿವಿ ನೆಲದ ಹತ್ತಿರ ಇಟ್ಟು, ಗೋಡೆಗುಂಟ ಅಂಬೆಗಾಲಿಡಿ. ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಸತ್ತೇ ಹೋಗುತ್ತದೆ, ಮತ್ತೊಂದು ಕಡೆ ಒಂದೊಂದು ಸ್ವರವೂ ಬಿಡಿಸಿಟ್ಟಂತೆ ಕೇಳುತ್ತದೆ. ಆ ಕೊನೆಯ ಜಾಗ ಸಬ್‌ನದ್ದು. ನಾನು ಹೀಗೆ ಹುಡುಕುತ್ತಿದ್ದಾಗ ಹಾಲಿನವನು ಬಂದು, "ಏನ್ ಕಳೀತ್ರಿ ಸರ್?" ಅಂತ ತಾನೂ ಬಗ್ಗಿ ಹುಡುಕಲು ಶುರು ಮಾಡಿದ್ದ.

ಆದರೆ ಫ್ಲ್ಯಾಟ್‌ನಲ್ಲಿ ಇದಕ್ಕೂ ಮಿಗಿಲಾದ ಒಂದು ದಾರಿ ಇದೆ. ಸಬ್ಬನ್ನು ನಿಮ್ಮ ಮಗ್ಗುಲಿಗೇ ತಂದುಕೊಳ್ಳಿ. ಸೋಫಾದ ಪಕ್ಕ, ಇಲ್ಲವೇ ಹಿಂದೆ, ಎರಡು ಮೂರು ಅಡಿ ದೂರದಲ್ಲಿ. ಹತ್ತಿರ ಇದ್ದದ್ದು ಜೋರಾಗಿ ಕೇಳುತ್ತದೆ, ಅದಕ್ಕೆ ಗೇನ್ ಗುಂಡಿಯನ್ನು (ಸಬ್‌ನ ಸ್ವಂತ ವಾಲ್ಯೂಮ್) ಚೆನ್ನಾಗಿ ಇಳಿಸಬಹುದು. ನಿಮಗೆ ಸಿಗುವುದು ಅಷ್ಟೇ, ಗೋಡೆಗೂ ನೆಲಕ್ಕೂ ಹೋಗುವುದು ಕಡಿಮೆ. ಮೂರು ತಿಂಗಳಲ್ಲಿ ನಾನು ಮಾಡಿದ ಎಲ್ಲದರಲ್ಲೂ ಹೆಚ್ಚು ಫಲ ಕೊಟ್ಟದ್ದು ಇದೊಂದೇ, ಅದೂ ಪುಕ್ಕಟೆ. ಉದ್ದ ವೈರ್ ಒಂದು ಬೇಕು, ಅಷ್ಟೇ. ಪಕ್ಕದ ಮನೆಗೆ ಹಂಚಿಕೊಂಡ ಗೋಡೆಗೆ ಮಾತ್ರ ಆನಿಸಬೇಡಿ. ಆಗುವುದಾದರೆ ಸ್ಲ್ಯಾಬಿನ ನಟ್ಟನಡುವೆಯೂ ಬೇಡ. ಅಲ್ಲಿ ಸ್ಲ್ಯಾಬ್ ಹೆಚ್ಚು ಬಳುಕುತ್ತದೆ, ಬೀಮ್ ಇರುವ ಅಂಚಿನಲ್ಲಿ ಗಟ್ಟಿಯಾಗಿರುತ್ತದೆ.

ಸಬ್ ಕೆಳಗೆ ಏನು ಹಾಕಲಿ? ಮೊನೆ ಇರುವ ಕಾಲು ಒಳ್ಳೆಯದಂತೆ?

ಮೊನೆಗಾಲು, ಅಂದರೆ ಸ್ಪೈಕ್, ಡಬ್ಬಿಯನ್ನು ನೆಲಕ್ಕೆ ಕಚ್ಚಿಸುತ್ತದೆ. ನಮಗೆ ಬೇಕಿರುವುದು ಬಿಡಿಸುವುದು. ಟೈಲ್ಸ್‌ಗೆ ತೂತು ಬೀಳುವುದು ಬೇರೆ.

ಇಲ್ಲಿ ನಾನು ಮಾಡಿದ ತಪ್ಪು ಕೇಳಿ. ಉದ್ಯಮಬಾಗದಲ್ಲಿ ಕೆಲಸ ಮಾಡುವ ಗೆಳೆಯನೊಬ್ಬನಿದ್ದಾನೆ. ಲೇತ್ ಮಷಿನ್ ಕೆಳಗೆ ಹಾಕುವ ರಬ್ಬರ್ ಪ್ಯಾಡ್ ನಾಲ್ಕು ತಂದುಕೊಟ್ಟ. ಅಂಗೈ ಅಗಲ, ಒಂದೊಂದೂ ಐನೂರು ಕೆ.ಜಿ. ತಡೆಯುವಂಥವು. ಮಷಿನ್ನಿನ ನಡುಕವನ್ನೇ ನಿಲ್ಲಿಸುತ್ತದೆ ಅಂದ ಮೇಲೆ ಸಬ್ ಯಾವ ಲೆಕ್ಕ, ಅಂತ ಹೆಮ್ಮೆಯಿಂದ ಹಾಕಿದೆ. ಕೆಳಗೆ ಹೋಗಿ ಕೇಳಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕಾರಣ ಇಷ್ಟೇ. ರಬ್ಬರ್ ಕೆಲಸ ಮಾಡುವುದು ತೂಕಕ್ಕೆ ಕುಗ್ಗಿದಾಗ. 12 ಕೆ.ಜಿ. ಸಬ್‌ಗೆ ಆ ಪ್ಯಾಡ್ ಕುಗ್ಗಲೇ ಇಲ್ಲ, ಕಲ್ಲಿನ ಹಾಗೆ ಕೂತಿತ್ತು. ಒಂದು ಮಿಲಿಮೀಟರ್ ಕುಗ್ಗಿದರೆ ಅದರ ಸ್ವಂತ ಕಂಪನ ಸುಮಾರು 16 ಹರ್ಟ್ಜ್, ಮೂರು ಮಿಲಿಮೀಟರ್ ಕುಗ್ಗಿದರೆ ಸುಮಾರು 9. ಸಬ್‌ನ ಸ್ವರ ಆ ಅಂಕಿಯ ಒಂದೂವರೆ ಪಟ್ಟು ದಾಟಿದ ಮೇಲಷ್ಟೇ ತಡೆಯುವ ಕೆಲಸ ಶುರುವಾಗುತ್ತದೆ. ಅದಕ್ಕಿಂತ ಕೆಳಗೆ ಏನೂ ಇಲ್ಲ, ಕೆಲವೊಮ್ಮೆ ಉಲ್ಟಾ ಹೆಚ್ಚೇ ಆಗುತ್ತದೆ. ಹಾಗಾಗಿ ಮೆತ್ತಗಿನದು ಬೇಕು, ಎರಡು ಮೂರು ಮಿಲಿಮೀಟರ್ ಕಣ್ಣಿಗೆ ಕಾಣುವಷ್ಟು ತಗ್ಗಬೇಕು, ಪೂರಾ ಚಪ್ಪಟೆಯಾಗಬಾರದು.

ಕೊನೆಗೆ ಮಾಡಿದ್ದು ಇದು. ಅಡುಗೆ ಕಟ್ಟೆ ಮಾಡಿಸಿದಾಗ ಉಳಿದಿದ್ದ ಇಳಕಲ್ಲಿನ ಕೆಂಪು ಗ್ರಾನೈಟ್ ತುಂಡು ಗ್ಯಾಲರಿಯಲ್ಲಿ ಬಿದ್ದಿತ್ತು. ಎರಡಡಿಗೆ ಒಂದೂವರೆ ಅಡಿ, 18 ಮಿಲಿಮೀಟರ್ ದಪ್ಪ, ತೂಕ ಹತ್ತಿರ ಹತ್ತಿರ 13 ಕೆ.ಜಿ. ಕೆಳಗೆ ಗಟ್ಟಿ ಫೋಮಿನ ನಾಲ್ಕು ತುಂಡು, ಮೇಲೆ ಕಲ್ಲು, ಕಲ್ಲಿನ ಮೇಲೆ ಸಬ್. ಕಲ್ಲಿನಿಂದಾಗಿ ಒಟ್ಟು ತೂಕ ಎರಡು ಪಟ್ಟಾಯಿತು, ಫೋಮ್ ಚೆನ್ನಾಗಿ ತಗ್ಗಿತು, ಡಬ್ಬಿಯ ಒದೆತಕ್ಕೆ ಅಲುಗುವುದೂ ಕಡಿಮೆಯಾಯಿತು. ಮೊದಲು ಪಕ್ಕದ ಟೈಲ್ಸ್ ಮೇಲೆ ಬರಿಗಾಲಿಟ್ಟರೆ ಹಿಮ್ಮಡಿಗೆ ಕಚಗುಳಿಯಾಗುತ್ತಿತ್ತು. ಕಲ್ಲು ಬಂದ ಮೇಲೆ ಅದು ಹೋಯಿತು. ಫೋಮ್ ವರ್ಷಕ್ಕೊಮ್ಮೆ ಸೊರಗುತ್ತದೆ, ಆಗ ಬದಲಾಯಿಸಬೇಕು.

ಇದು ನೆಲದ ದಾರಿಯನ್ನು ಮಾತ್ರ ಕಟ್ಟುತ್ತದೆ. ಗಾಳಿಯ ದಾರಿ ತೆರೆದೇ ಇರುತ್ತದೆ. ಪ್ಯಾಡ್ ಹಾಕಿದೆ ಅಂತ ವಾಲ್ಯೂಮ್ ಏರಿಸಿದರೆ ಎಲ್ಲವೂ ನೀರಲ್ಲಿ ಹೋಮ.

ಗೋಡೆಗೆ ಫೋಮ್, ಮೊಟ್ಟೆ ಟ್ರೇ, ಇಲ್ಲ ಅಂದರೆ ಕೌದಿ?

ಅಮ್ಮ ಹೊಲಿದ ಕೌದಿ ಹೊದೆಯಲು ಬಲು ಚೆಂದ, ಗೋಡೆಗೆ ಹಾಕಿದರೆ ನೋಡಲೂ ಚೆಂದ. ಚಪ್ಪಾಳೆ ಹೊಡೆದಾಗ ಬರುವ ಮಾರ್ದನಿ ತಗ್ಗುತ್ತದೆ. 40 ಹರ್ಟ್ಜ್‌ನ ಅಲೆ 28 ಅಡಿ ಉದ್ದ. ಅದಕ್ಕೆ ಎರಡು ಇಂಚಿನ ಫೋಮೂ ಒಂದೇ, ಗಾಳಿಯೂ ಒಂದೇ. ಮೊಟ್ಟೆ ಟ್ರೇ ಜಿರಲೆಗಳಿಗೆ ಒಳ್ಳೆಯ ಮನೆ.

ಕ್ರಾಸ್‌ಓವರ್, ಫೇಸ್, ಗೇನ್: ಎಲ್ಲಿಗೆ ತಿರುಗಿಸಲಿ?

ಸಬ್ ಯಾವ ಸ್ವರದವರೆಗೆ ನುಡಿಸಬೇಕು ಅಂತ ಹೇಳುವ ಗುಂಡಿ ಕ್ರಾಸ್‌ಓವರ್, ಅದನ್ನು 80 ಹರ್ಟ್ಜ್‌ಗೆ ಇಟ್ಟು ಶುರು ಮಾಡಿ. ಸಿನಿಮಾ ಮಂದಿಯ ಟಿಎಚ್‌ಎಕ್ಸ್ ಪದ್ಧತಿಯಲ್ಲೂ ಅದೇ ಅಂಕಿ. ಸಬ್ ಸೋಫಾದ ಪಕ್ಕ ಇದ್ದರೆ 60, 65ಕ್ಕೆ ಇಳಿಸಿ. ನೂರರ ಮೇಲೆ ಹೋದರೆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿ ಬೆರಳು ಮಾಡಿ ತೋರಿಸುತ್ತದೆ.

ಸಬ್‌ನ ಕೋನ್ ಸ್ಪೀಕರಿನ ಜೊತೆಗೇ ಅಲುಗಬೇಕೋ ಉಲ್ಟಾ ಅಲುಗಬೇಕೋ ಅಂತ ಹೇಳುವ ಫೇಸ್ ಗುಂಡಿಯನ್ನು 0, 180 ಎರಡಕ್ಕೂ ಇಟ್ಟು ಕೇಳಿ. ದಗ್ಗಾ ಯಾವುದರಲ್ಲಿ ತುಂಬಿ ಕೇಳುತ್ತದೋ ಅದು ಸರಿ. ಇದು ಪಕ್ಕದ ಮನೆಗೂ ಸಂಬಂಧಪಟ್ಟದ್ದೇ. ಫೇಸ್ ತಪ್ಪಿದ್ದರೆ ಸ್ಪೀಕರೂ ಸಬ್ಬೂ ನಿಮ್ಮ ಕುರ್ಚಿಯಲ್ಲಿ ಒಂದನ್ನೊಂದು ತಿನ್ನುತ್ತವೆ. ನೀವು ಗೇನ್ ಏರಿಸುತ್ತೀರಿ, ಕೆಳಗೆ ಮಾತ್ರ ಪೂರಾ ಹೋಗುತ್ತಿರುತ್ತದೆ.

ಗೇನ್ ಬಗ್ಗೆ ಒಂದು ಗುಟ್ಟು. ಮೇಲಿನ ಸ್ವರಗಳಲ್ಲಿ 10 ಡೆಸಿಬೆಲ್ ಇಳಿಸಿದರೆ ಅರ್ಧವಾದಂತೆ ಕೇಳುತ್ತದೆ. ಕೆಳಗಿನ ಸ್ವರಗಳಲ್ಲಿ ಐದಾರು ಡೆಸಿಬೆಲ್ ಇಳಿಸಿದರೆ ಸಾಕು, ಅಷ್ಟೇ ಪರಿಣಾಮ. ಇನ್ನು ಪಕ್ಕದ ಮನೆಯಲ್ಲಿ ಅದು ಕೇಳಿಯೂ ಕೇಳದಂತಿದ್ದರೆ ಮೂರು ನಾಲ್ಕು ಡೆಸಿಬೆಲ್‌ಗೇ ಮಾಯ. ಗುಂಡಿಯನ್ನು ಬೆರಳುಗುರಿನಷ್ಟು ತಿರುಗಿಸಿದರೂ ಸಾಕಾಗುವುದು ಅದಕ್ಕೇ. ನನ್ನ ಪದ್ಧತಿ ಹೀಗೆ: ಸಬ್ ಇದೆ ಅಂತ ಗೊತ್ತಾಗುವವರೆಗೆ ಏರಿಸಿ, ಗೊತ್ತಾಗದಷ್ಟು ಇಳಿಸಿ, ಬಂದ್ ಮಾಡಿದಾಗ ಮಾತ್ರ 'ಅರೆ, ಏನೋ ಹೋಯಿತಲ್ಲ' ಅನಿಸಬೇಕು.

ಪಕ್ಕದವರ ಹತ್ತಿರ ಹೇಗೆ ಮಾತಾಡಲಿ?

ಅವರು ಬರುವ ಮೊದಲು ನೀವೇ ಹೋಗಿ. ನಾನು ತಡ ಮಾಡಿದೆ, ಆದರೂ ಅರ್ಧ ಕೆ.ಜಿ. ಕುಂದಾ ಹಿಡಿದುಕೊಂಡು ಹೋದೆ. ಬೆಳಗಾವಿಯಲ್ಲಿ ಕುಂದಾ ತಂದವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ. "ಕಾಕು, ಅರ್ಧ ತಾಸು ನಿಮ್ಮ ಮನೆಯಲ್ಲಿ ಕೂತು ಕೇಳಬೇಕು" ಅಂದೆ. ಅವರಿಗೆ ವಿಚಿತ್ರ ಅನಿಸಿತು, ಚಹಾ ಇಟ್ಟರು.

ಮೇಲೆ ಮಗಳು ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ ಅದನ್ನು ಆಂಪ್ಲಿಫೈಯರ್‌ಗೆ ಜೋಡಿಸಿಕೊಂಡು ಕೂತಿದ್ದಳು. 30 ಹರ್ಟ್ಜ್‌ನಿಂದ ಶುರು, ಐದೈದಾಗಿ ಏರಿಸು ಅಂತ ಹೇಳಿದ್ದೆ, ವಾಲ್ಯೂಮ್ ನಾವು ದಿನಾ ಕೇಳುವಷ್ಟೇ. 30, ಏನೂ ಇಲ್ಲ. 35, ಏನೂ ಇಲ್ಲ. 40ಕ್ಕೆ ಎದೆಯ ಮೇಲೆ ಏನೋ ಒತ್ತಿದ ಹಾಗೆ. 45 ದಾಟಿದ್ದೇ ತಡ, ಅಡುಗೆಮನೆಯಿಂದ ತಾಟಿನ ಝರ್ರ್. "ಇದೇ, ಇದೇ ನೋಡ್ರಿ ನಮ್ಮ ಫ್ಯಾನ್!" ಅಂತ ಕಾಕು ಎದ್ದು ನಿಂತರು. 60ರ ಮೇಲೆ ಮತ್ತೆ ಶಾಂತ. ಇಡೀ ತಕರಾರು ಎರಡು ಸ್ವರಗಳದ್ದು.

ಆ ಎರಡು ಸ್ವರಗಳನ್ನಷ್ಟೇ ತಗ್ಗಿಸಿದರೆ ಸಾಕು, ಉಳಿದದ್ದನ್ನು ಮುಟ್ಟಬೇಕಿಲ್ಲ. ಹಾಡು ನುಡಿಸುವ ಆ್ಯಪ್‌ನಲ್ಲೋ ಸಬ್‌ನಲ್ಲೋ ಪ್ಯಾರಾಮೆಟ್ರಿಕ್ ಈಕ್ವಲೈಜರ್ (ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಸೌಲಭ್ಯ) ಇದ್ದರೆ 40 ಮತ್ತು 47ರಲ್ಲಿ ಕಿರಿದಾದ ಗುಂಡಿ ತೋಡಿ, 6 ಡೆಸಿಬೆಲ್ ಆಳ. ಲ್ಯಾಪ್‌ಟಾಪ್ ಮತ್ತು ಅಳತೆಯ ಮೈಕ್ ಇದ್ದವರು 'ರೂಮ್ ಇಕ್ಯೂ ವಿಝರ್ಡ್' ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಇನ್ನೂ ಚೆನ್ನಾಗಿ ಮಾಡಬಹುದು. ಇದರಿಂದ ನನಗೂ ಲಾಭವಾಯಿತು. ಗುಮ್ಮುತ್ತಿದ್ದ ಸ್ವರ ಹೋದ ಮೇಲೆ ತಂಬೂರಿಯ ಖರ್ಜದ ತಂತಿ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ್ದು, ಮೊದಲ ಸಲ ಬಿಡಿಸಿ ಕೇಳಿತು.

ಅವರ ದಿನಚರಿಯನ್ನೂ ಕೇಳಿಕೊಳ್ಳಿ. ಕಾಕು ಮಧ್ಯಾಹ್ನ ಎರಡರಿಂದ ನಾಲ್ಕು ಮಲಗುತ್ತಾರೆ. ಅದು ಯಾವ ಕಾನೂನಿನಲ್ಲೂ ಇಲ್ಲ, ನಮ್ಮ ಮನೆಯ ಕಾನೂನಿನಲ್ಲಿ ಇದೆ.

ರಾತ್ರಿ ಎಷ್ಟು ಗಂಟೆಯವರೆಗೆ ಹಾಕಬಹುದು? ಕಾನೂನು ಏನನ್ನುತ್ತದೆ?

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡಿಬಿ-ಎ. ಖಾಸಗಿ ಜಾಗದ ಸದ್ದು ಅದರ ಗಡಿಯಲ್ಲಿ ಆ ಮಿತಿಗಿಂತ 5 ಡೆಸಿಬೆಲ್ ಮೀರಬಾರದು. ಡಿಬಿ-ಎ ಕಥೆ ಮೇಲೆ ಹೇಳಿದೆನಲ್ಲ, ಕಾನೂನಿನೊಳಗೇ ಇದ್ದುಕೊಂಡು ಪಕ್ಕದವರ ನಿದ್ದೆ ಕೆಡಿಸಬಹುದು. 112ಕ್ಕೆ ಫೋನ್ ಹೋಗುವವರೆಗೂ ಕಾಯುವುದು ಯಾಕೆ?

ನಮ್ಮಲ್ಲಿ ಒಂಬತ್ತೂವರೆಗೆ ಸಬ್ ಬಂದ್. ಹೊರಗಿನ ಗದ್ದಲ ಇಳಿದಂತೆ ಚಿಕ್ಕ ಸದ್ದೂ ದೊಡ್ಡದಾಗುತ್ತದೆ. ಸಂಜೆ ಆರಕ್ಕೆ ಕೇಳದಿದ್ದದ್ದು ಹತ್ತಕ್ಕೆ ಕೇಳುತ್ತದೆ. ಆಮೇಲೆ ಸಿನಿಮಾ ನೋಡಬೇಕಿದ್ದರೆ ಟಿವಿಯಲ್ಲಿ ಜೋರು ಸದ್ದನ್ನು ತಗ್ಗಿಸುವ 'ನೈಟ್ ಮೋಡ್' ಹಾಕಿ, ಇಲ್ಲವೇ ಹೆಡ್‌ಫೋನ್.

ಗಣಪತಿ ಹಬ್ಬದಲ್ಲಿ ಬೀದಿ ತುಂಬ ಡಾಲ್ಬಿ ಹೊಡೆಯುತ್ತಾರೆ. ಆಗ ಸುಮ್ಮನಿರುವವರು ನನ್ನ ಚಿಕ್ಕ ಡಬ್ಬಿಗೆ ತಕರಾರು ಮಾಡುವುದು ನ್ಯಾಯವಾ?

ನಮ್ಮ ಕಡೆ ಗೋಡೆಯೆತ್ತರ ಪೇರಿಸಿದ ಸ್ಪೀಕರ್‌ಗೆ 'ಡಾಲ್ಬಿ' ಅನ್ನುತ್ತಾರೆ. ನಗು ಬರುವ ಸಂಗತಿ ಅಂದರೆ, 1965ರಲ್ಲಿ ಶುರುವಾದ ಆ ಹೆಸರಿನ ಕಂಪನಿ ಹೆಸರು ಮಾಡಿದ್ದು ಟೇಪಿನ 'ಸ್ಸ್' ಸದ್ದನ್ನು ಕಡಿಮೆ ಮಾಡಿ. ಇರಲಿ. ವಿಸರ್ಜನೆಯ ಮೆರವಣಿಗೆ ವರ್ಷಕ್ಕೊಂದು ರಾತ್ರಿ, ಅದು ಎಂದು ಬರುತ್ತದೆ ಅಂತ ಕ್ಯಾಲೆಂಡರ್‌ನಲ್ಲಿದೆ. ನಿಮ್ಮ ಸಬ್ ಯಾವಾಗ ಗುಮ್ಮುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ನಿಲ್ಲಿಸುವ ಗುಂಡಿಯೂ ಅವರ ಕೈಯಲ್ಲಿಲ್ಲ. ಸಿಟ್ಟು ಬರುವುದು ಅದಕ್ಕೆ.

ಪರೀಕ್ಷೆಗೆ ಯಾವ ಸಂಗೀತ ಒಳ್ಳೆಯದು?

ನಿಮಗೆ ಬಾಯಿಪಾಠ ಇರುವುದು. ನನಗೆ ತಬಲಾ ಸೋಲೋ. ದಗ್ಗಾದ ಮೀಂಡ್ ಸ್ವರದಿಂದ ಸ್ವರಕ್ಕೆ ಜಾರುವಾಗ ಎಲ್ಲೂ ಉಬ್ಬಬಾರದು, ಎಲ್ಲೂ ಮುಳುಗಬಾರದು. ಗಂಡುದನಿಗೆ ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಶ್ರುತಿ ಮಾಡಿದ ತಂಬೂರಿಯ ಖರ್ಜ 69 ಹರ್ಟ್ಜ್ ಹತ್ತಿರ ಬರುತ್ತದೆ, ಬೇಸ್ ಗಿಟಾರಿನ ಕೆಳತಂತಿ 41. ಇವೆರಡರಲ್ಲೇ ಕ್ರಾಸ್‌ಓವರಿನ ಆಚೆ ಈಚೆ ತಿಳಿಯುತ್ತದೆ.

ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ಕೇಳುವವರಿಗೆ ಒಂದು ಮಾತು. ಹಳೆಯ ಧ್ವನಿಮುದ್ರಣಗಳಲ್ಲಿ ಕೆಳಗಿನ ಸ್ವರ ಅಷ್ಟಾಗಿ ಇರುವುದಿಲ್ಲ, ಇರುವುದು ಯಂತ್ರದ ಗೊರಗೊರ. ಸಬ್ ಅದನ್ನೇ ದೊಡ್ಡದು ಮಾಡುತ್ತದೆ. ಅಂಥ ಹೊತ್ತಿಗೆ ನಾನು ಸಬ್ ಬಂದ್ ಮಾಡಿಯೇ ಕೇಳುತ್ತೇನೆ.

ಹಾಡು ನಿಂತರೂ ಸಬ್ 'ಗುಂಯ್' ಅನ್ನುತ್ತಲೇ ಇರುತ್ತದೆ.

ಅದು 50 ಹರ್ಟ್ಜ್, ನಮ್ಮ ಕರೆಂಟಿನ ಸ್ವರ. ಆಂಪ್ಲಿಫೈಯರನ್ನೂ ಸಬ್ಬನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಕೇಬಲ್ ಟಿವಿಯ ವೈರ್ ತೆಗೆದು ನೋಡಿ, ಬಹಳ ಸಲ ಕಳ್ಳ ಅಲ್ಲಿರುತ್ತಾನೆ. ಅರ್ತಿಂಗ್ ಪಿನ್ ಮುರಿಯುವ ಸಲಹೆ ಕೊಡುವವರ ಮಾತು ಮಾತ್ರ ಕೇಳಬೇಡಿ, ಜೀವಕ್ಕೆ ಅಪಾಯ.

ಎಲ್ಲ ಮಾಡಿದೆ. ಇನ್ನೂ ಕೇಳುತ್ತದೆ ಅನ್ನುತ್ತಾರೆ.

ಸಬ್ ಬಂದ್ ಮಾಡಿ, ಹೇಳದೆ ಒಂದು ವಾರ ಬಿಡಿ. ತಕರಾರು ನಿಂತರೆ ಸಬ್ಬೇ ಕಾರಣ. ಹಾಗಿದ್ದರೆ 40 ಹರ್ಟ್ಜ್‌ಗಿಂತ ಕೆಳಗಿನದನ್ನು ಹೈ-ಪಾಸ್ ಹಾಕಿ ಕತ್ತರಿಸಿ. ಸಂಗೀತದಲ್ಲಿ ಹೋಗುವುದು ತೀರಾ ಕಡಿಮೆ, ಸಿನಿಮಾದ ಸ್ಫೋಟ ಹೋಗುತ್ತದೆ. ನಿಲ್ಲದಿದ್ದರೆ ಬೇರೆ ಎಲ್ಲೋ ಇದೆ. ನಮ್ಮ ಕಟ್ಟಡದಲ್ಲಿ ಒಮ್ಮೆ ಎರಡನೇ ಮಹಡಿಯವರು ನನ್ನತ್ತ ಬೆರಳು ತೋರಿಸಿದರು. ನಾನು ಆ ವಾರ ಊರಲ್ಲೇ ಇರಲಿಲ್ಲ. ಕೊನೆಗೆ ನೋಡಿದರೆ ಅದು ಟೆರೇಸಿನ ಮೇಲಿದ್ದ ನೀರಿನ ಪಂಪು, ಅದರ ಒಂದು ಬೋಲ್ಟ್ ಸಡಿಲವಾಗಿತ್ತು. ಉದ್ಯಮಬಾಗದ ಆ ನಾಲ್ಕು ರಬ್ಬರ್ ಪ್ಯಾಡ್‌ಗಳಲ್ಲಿ ಎರಡು ಈಗ ಅದರ ಕೆಳಗಿವೆ.